ನಡುಕಟ್ಟಿನ ತುದಿ ಹಿಡಿದವರು

ತ್ರಿಪುರಸುಂದರಿಯವರು ಒಂದೆಡೆ ನೆಮ್ಮದಿಯಾಗಿ ಕೂತದ್ದನ್ನು ಮೆಟುಚೆನ್ ಎಂಬ ಆ ಅಮೆರಿಕನ್ ಊರಿನಲ್ಲಿ ಕಂಡವರಿಲ್ಲ. ಕೈ ಒಂದು ಕಡೆ, ಕಣ್ಣು ಒಂದು ಕಡೆ, ಕಾಲಂತೂ ಸದಾ ಬಾಗಿಲ ಕಡೆ. ಮಾಂಗಲ್ಯದ ಸರಕ್ಕೆ ಗೊಂಚಲಾಗಿ ಸಿಕ್ಕಿಸಿಕೊಂಡ ಸೇಫ್ಟಿ ಪಿನ್ನುಗಳು ಅವರಿಗಿಂತ ಮೊದಲೇ ಕಿಣಿಕಿಣಿಗುಟ್ಟುತ್ತ ಕೋಣೆಯನ್ನು ಪ್ರವೇಶಿಸುತ್ತಿದ್ದವು. ಫ್ಲಶಿಂಗಿನ ದೇವಸ್ಥಾನದಲ್ಲಿ ಮಂಗಳಾರತಿಯ ನಡುವೆಯೇ "ಒಂದ್ನಿಮಿಷ, ಅಲ್ಲಾಡ್ಬೇಡಿ" ಎಂದು ಅಪರಿಚಿತೆಯೊಬ್ಬರ ನೆರಿಗೆ ತಿದ್ದಿ, ಆಕೆ ಗಾಬರಿಯಿಂದ ತಿರುಗುವಷ್ಟರಲ್ಲಿ ಮುಂದಿನವರ ಹಿಂದೆ ನಿಂತಿರುತ್ತಿದ್ದರು. ಆ ಸೀಮೆಯ ಕನ್ನಡ ಮದುವಣಗಿತ್ತಿಯರಿಗೆ ಸೀರೆ ಉಡಿಸುತ್ತಿದ್ದವರು ಅವರೇ. ತಾವು ಉಡಿಸಿದ ಸೀರೆ ಜಾರಿದ ನಿದರ್ಶನ ಒಂದೂ ಇಲ್ಲವೆಂಬುದು ಅವರ ಅಭಿಮಾನ. ತುಸು ಅಹಂಕಾರವೂ ಹೌದು.

ಮಗ ವಿಶ್ರುತ್ ಮೆಚ್ಚಿದ ರೋಜಿನಾ ನೇಪಾಳದ ನೇವಾರರ ಹುಡುಗಿ, ಕ್ವೀನ್ಸ್‌ನಲ್ಲಿ ಬೆಳೆದವಳು. ನಿಶ್ಚಿತಾರ್ಥಕ್ಕೆ ಉಡುತ್ತೇನೆಂದು ಅವಳು ತಂದದ್ದು ಹಾಕು ಪಟಾಸಿ, ಲಲಿತಪುರದ ಅಜ್ಜಿ ಕೈಯಾರೆ ನೇಯ್ದ ಕೆಂಪಂಚಿನ ಕಪ್ಪು ಸೀರೆ. ಜೊತೆಗೆ ಹವಳದ ಸರ, ಬೆಳ್ಳಿಯ ಕಾಲ್ಗಡಗ, ಮುಡಿಗೆ ಚಿನ್ನದ ಹೂವು. ಅಜ್ಜಿಗೀಗ ಕಣ್ಣು ಕಾಣದು, ಇನ್ನೊಂದು ನೇಯುವಂತಿಲ್ಲ.

"ಅಯ್ಯೋ, ಶುಭಕಾರ್ಯಕ್ಕೆ ಕಪ್ಪಾ?" ಎಂದು ತ್ರಿಪುರಸುಂದರಿಯವರು ಹೌಹಾರಿದರು.

"ಅಮ್ಮಾ, ಇಟ್ಸ್ ಹರ್ ಡೇ" ಎಂದ ಮಗ.

ಸರಿ, ಉಡಿಸುವುದಾದರೂ ತಮ್ಮ ಕೈಯಲ್ಲೇ ಆಗಲಿ ಎಂದು ಒಪ್ಪಿ, ಒಂದು ವಾರ ಮೊದಲೇ ಒಮ್ಮೆ ಉಡಿಸಿ ನೋಡಲು ಅವಳನ್ನು ಮನೆಗೆ ಕರೆಸಿದರು. ಮೀನಖಂಡ ಕಾಣುವಷ್ಟು ಎತ್ತರ, ಹೆಗಲಿಗೇರುವ ಸೆರಗೇ ಇಲ್ಲ. ಎರಡು ಮೂರು ಮಾರು ಉದ್ದದ ಬಿಳಿ ನಡುಕಟ್ಟೊಂದನ್ನು ನಂಬಿ ಇಡೀ ಸೀರೆ ನಿಲ್ಲಬೇಕಂತೆ! "ಪಿನ್ ಬೇಡ ಆಂಟಿ, ಪ್ಲೀಸ್" ಎಂದಳು ರೋಜಿನಾ, ವಿಶ್ರುತನಿಂದ ಕಲಿತ ಕನ್ನಡದಲ್ಲಿ. ಆಗಲೆಂದು ತಲೆಯಾಡಿಸಿದವರು ಅವಳ ಬೆನ್ನ ಹಿಂದೆ ಕಳ್ಳತನದಲ್ಲಿ ಒಂದನ್ನು ಚುಚ್ಚಿಯೇಬಿಟ್ಟರು. ಕಾಲ್ಗಡಗ ತೊಡಲು ಅವಳು ಬಗ್ಗಿದಳು. ಪಿನ್ನಿದ್ದಲ್ಲಿ ಸೀರೆ ಪರ್ ಎಂದು ಬೆರಳಗಲ ಹರಿಯಿತು. ರೋಜಿನಾ ಬಟ್ಟೆ ಮಡಿಚಿಕೊಂಡು, ಮಾಡಿಟ್ಟ ಕಾಫಿಯನ್ನೂ ಕುಡಿಯದೆ ರೈಲು ಹಿಡಿದಳು. ಆಮೇಲೆ ವಿಶ್ರುತನ ಫೋನನ್ನೂ ಎತ್ತಲಿಲ್ಲ.

ಮಗನ ಮದುವೆ ತಮ್ಮಿಂದಲೇ ಮುರಿಯಿತೆಂಬ ಭಯ ಅವರನ್ನು ಸುಡತೊಡಗಿತು. ಇಸ್ತ್ರಿಯಾದ ಪರದೆಗಳನ್ನೇ ಮತ್ತೆ ಇಸ್ತ್ರಿ ಮಾಡಿದರು, ತೊಳೆದ ಡಬ್ಬಿಗಳನ್ನೇ ತೊಳೆದರು. ಮೂರನೆಯ ದಿನ ಯಾರಿಗೂ ಹೇಳದೆ ರೈಲು ಹತ್ತಿ, ಪೆನ್ ಸ್ಟೇಷನ್‌ನಲ್ಲಿ ಸಬ್‌ವೇಗೆ ಬದಲಿಸಿ, ಕ್ವೀನ್ಸ್‌ನಲ್ಲಿ ಅವಳ ಬಾಗಿಲು ತಟ್ಟಿದರು.

"ತಪ್ಪು ನಂದೇ ಮಗು. ಬೇಡ ಅಂದ್ರೂ ಚುಚ್ಚಿದೆ. ನಿಮ್ಮಜ್ಜಿ ಹೇಗೆ ಉಡ್ತಿದ್ರೋ ತೋರ್ಸು, ಕಲೀತೀನಿ."

ಆ ಕನ್ನಡ ಅವಳಿಗೆ ಎಷ್ಟು ಅರ್ಥವಾಯಿತೋ, ಆ ಮುಖ ಮಾತ್ರ ಪೂರ್ತಿ ಅರ್ಥವಾಗಿರಬೇಕು. ಒಳಗೆ ಹೋಗಿ ಸೀರೆ ಸುತ್ತಿಕೊಂಡು ಬಂದಳು. ಹರಿದ ಭಾಗ ಮಡಿಕೆಯಲ್ಲಿ ಮರೆಯಾಗಿತ್ತು. ನಡುಕಟ್ಟಿನ ಒಂದು ತುದಿಯನ್ನು ಅವರ ಕೈಗಿತ್ತು, ಇನ್ನೊಂದನ್ನು ಸೊಂಟಕ್ಕೊತ್ತಿಕೊಂಡು ಕೋಣೆಯ ಆಚೆ ತುದಿಗೆ ಹೋಗಿ ನಿಂತಳು.

"ಎಳೀಬೇಡಿ ಆಂಟಿ. ಜಸ್ಟ್ ಹೋಲ್ಡ್."

ಅವಳು ತನ್ನಷ್ಟಕ್ಕೆ ಸುತ್ತುತ್ತ, ಸುತ್ತಿಗೊಂದು ಹೆಜ್ಜೆಯಂತೆ ಹತ್ತಿರವಾಗುತ್ತ ಬಂದಳು. ಇವರ ಬೆರಳು ಚಡಪಡಿಸಿದವು, ಕಾಲು ತವಕಿಸಿತು, ಹೇಗೋ ನಿಂತರು.

ಇಂಥವರು ಪ್ರತಿ ಬಂಧುಬಳಗದಲ್ಲೂ ಒಬ್ಬರಿರುತ್ತಾರೆ. ಎಷ್ಟು ದುಡಿಸಿದರೂ ದಣಿಯರು, ಯಾರ ಕಷ್ಟಕ್ಕೂ ಕರೆಯುವ ಮೊದಲೇ ಓಡುವರು. ಇನ್ನೊಬ್ಬರು ತಾವಾಗಿಯೇ ಬಳಿಗೆ ಬರುವ ತನಕ ಸುಮ್ಮನೆ ನಿಂತಿರಿ ಎಂದಾಗ ಮಾತ್ರ ಅವರಿಗೆ ಜೀವ ಹೋದಂತಾಗುತ್ತದೆ.