ಓಟ್ಸ್ ಬಿಸ್ಕತ್ತಿನ ರಸಾಯನ

ನಮ್ಮ ಯಜಮಾನರ ಶುಗರ್ ಮುನ್ನೂರು ದಾಟಿದ ಮೇಲೆ ನಾನೇ ಓಟ್ಸ್ ಬಿಸ್ಕತ್ತು ಮಾಡಿದೆ. ತಗಡೂರಿನ ನಮ್ಮ ಮನೆಯಲ್ಲಿ ಓವನ್ ಇಲ್ಲ. ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಓಟ್ಸಿಗೆ ಸೇಬಿನ ತುರಿ ಕಲಸಿ ಬೇಯಿಸಿದೆ. ಚಿಟಿಕೆ ಸಕ್ಕರೆಯನ್ನೂ ಹಾಕಿಲ್ಲ ಎಂದು ಹೇಳಿಯೇ ಕೊಟ್ಟೆ. ಇವರು ಒಂದು ಕಚ್ಚಿ, "ಎಮ್ಮೆ ಬೂಸಾ" ಎಂದು ಉಗಿದರು.

ಸಂಜೆ ಡೇರಿಗೆ ಹಾಲು ಹಾಕಿ ಬಂದರೆ ಡಬ್ಬ ಖಾಲಿ. ಇವರು ಹಿತ್ತಿಲಲ್ಲಿ ಕೂತು, ಬಿಸ್ಕತ್ತನ್ನೆಲ್ಲ ಬಟ್ಟಲಲ್ಲಿ ಪುಡಿ ಮಾಡಿ, ರಸಬಾಳೆ, ಬೆಲ್ಲ, ತುಪ್ಪ ಸುರಿದು ಬರಿಗೈಲಿ ಕಿವುಚುತ್ತಿದ್ದರು. ಮೊಣಕೈವರೆಗೆ ಇಳಿದ ಪಾಕವನ್ನೂ ನೆಕ್ಕಿದರು.

"ಏನ್ರೀ ಇದು?"

"ರಸಾಯನ ಕಣೆ. ಸಕ್ರೆ ಆಕಿಲ್ಲ ಅಂತ ನೀನೇ ಅಂದ್ಯಲ್ಲ, ಅದ್ಕೇ ಬೆಲ್ಲ ಒಸಿ ಜಾಸ್ತಿ ಆಕ್ದೆ."

ಅದೇ ಕೈಯಿಂದ ಬಟ್ಟಲನ್ನು ನನ್ನತ್ತ ಚಾಚಿದರು.

"ನೀನೂ ತಿನ್ನು. ಓಟ್ಸು, ಮೈಗೆ ಒಳ್ಳೇದು."