ಕ್ವಿತೇರಿಯಾಳ ಮಂಚ

ಸೊಂಟದ ಮೂಳೆಗೆ ಆಪರೇಷನ್ ಆಗಿ ಮಡಗಾಂವಿನ ಆಸ್ಪತ್ರೆಯಲ್ಲಿ ಮಲಗಿದ್ದ ಕ್ವಿತೇರಿಯಾಳಿಗೆ, ನಾಳೆ ಮನೆಗೆ ಹೋಗಬಹುದು ಅಂತ ಡಾಕ್ಟರು ಹೇಳಿದಾಗ ಹೋದ ಜೀವ ಬಂದಂತಾಗಿತ್ತು. ಆ ಖುಷಿಗೆ ಮಗ ಆನ್ಸೆಲ್ಮ್ ಬಂದು ಕಲ್ಲು ಹಾಕಿದ.

"ಮಾಯ್, ನಿನ್ನ ಮಂಚ ಹಾಲ್‌ನಲ್ಲಿ ಹಾಕಿದೀನಿ. ತಲೆ ದೇವರ ಪೀಠದ ಕಡೆ, ಕಾಲು ಬಾಗಿಲ ಕಡೆ. ಗಾಳಿ ಚೆನ್ನಾಗಿ ಬರುತ್ತೆ."

ಮುದುಕಿಯ ಮೈಯೆಲ್ಲ ಉರಿದುಹೋಯಿತು. ಅವರ ಊರಲ್ಲಿ ಹಾಲ್‌ನ ಆ ಜಾಗದಲ್ಲಿ, ಬಾಗಿಲ ಕಡೆ ಕಾಲು ಮಾಡಿ ಮಲಗಿಸುವುದು ಹೆಣವನ್ನು.

"ನಿಮ್ಮಪ್ಪನ್ನೂ ಹಾಗೇ ಕಣೋ ಮಲಗಿಸಿದ್ದು! ಅವರಿಗೂ ಗಾಳಿ ಚೆನ್ನಾಗೇ ಬರ್ತಿತ್ತು. ಮೇಣದಬತ್ತಿನೂ ತಂದಿಟ್ಟಿದೀಯೋ, ಇಲ್ಲ ನಾನು ಬಂದ್ಮೇಲೆ ತರ್ತೀಯೋ?"

"ಮೆತ್ತಗೆ ಮಾತಾಡು, ಪಕ್ಕದ ಬೆಡ್‌ನವರು ಕೇಳಿಸ್ಕೋತಾರೆ."

"ಕೇಳಿಸ್ಕೊಳ್ಲಿ! ನನ್ನ ಕೋಣೆಗೇನು ಬಂದಿದೆ ರೋಗ? ಮದುವೆಯಾಗಿ ಬಂದಾಗಿಂದ ಅಲ್ಲೇ ಮಲಗಿದೀನಿ. ಕಕ್ಕಸೂ ಅಲ್ಲೇ ಪಕ್ಕದಲ್ಲಿದೆ."

ಆನ್ಸೆಲ್ಮ್ ಕಿಟಕಿಯ ಕಡೆ ಮುಖ ತಿರುಗಿಸಿದ. ಮೋಸಂಬಿ ಸುಲಿಯುತ್ತಿದ್ದ ಸೊಸೆ ಜೆನೊವೆವಾಳೇ ಬಾಯಿಬಿಟ್ಟಳು.

"ಅದಕ್ಕೆ ಬಣ್ಣ ಹೊಡೆಸಿ, ಏಸಿ ಹಾಕ್ಸಿ, ದಿಲ್ಲಿಯ ಟೂರಿಸ್ಟ್‌ಗಳಿಗೆ ಬಾಡಿಗೆಗೆ ಕೊಟ್ಟಿದೀವಿ ಅತ್ತೆ. ಸೀಸನ್ ಮುಗಿಯೋವರೆಗೆ ಅಷ್ಟೇ."

ಕ್ವಿತೇರಿಯಾ ಇಬ್ಬರನ್ನೂ ನುಂಗುವ ಹಾಗೆ ನೋಡಿದಳು. ಈ ಸಲ ಕೂಗಾಡಲಿಲ್ಲ.

"ನಾಳೆ ನಾನು ಬರೋದು ನನ್ನ ಕೋಣೆಗೇ," ಎಂದಳು. "ಆ ದಿಲ್ಲಿಯವರನ್ನ ಹಾಲ್‌ನಲ್ಲಿ ಮಲಗಿಸು. ಕಾಲು ಬಾಗಿಲ ಕಡೆಗೇ ಇರ್ಲಿ. ಗಾಳಿ ಚೆನ್ನಾಗಿ ಬರುತ್ತೆ ಅಂತ ಹೇಳು."