ಬಿಳಿ ಕುದುರೆಯೇ ಬೇಕು

ನನ್ನ ಮೈಬಣ್ಣ ಕಂದು. ಹುಟ್ಟಿದ್ದೇ ಹಾಗೆ, ಅಮ್ಮನೂ ಕಂದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಡೆದದ್ದಕ್ಕೆಲ್ಲ ನಾನು ಮಾಡಿದ ತಪ್ಪು ಇದೊಂದೇ.

ಎರಡು ವರ್ಷ ತುಂಬುವ ಮೊದಲೇ ನನ್ನನ್ನು ರೇಸಿಗೆ ಹಾಕಿದರು. ಘಟ್ಟದ ಮೇಲೆ, ದೊಡ್ಡ ಊರಿನಲ್ಲಿ. ಮೈ ಹೊರಳಿಸಲು ಜಾಗವಿಲ್ಲದ ಕಬ್ಬಿಣದ ಗೂಡಿನೊಳಗೆ ನೂಕಿ ಹಿಂದಿನಿಂದ ಬಾಗಿಲು ಹಾಕುತ್ತಿದ್ದರು. ಮುಂದಿನ ಗೇಟು ಧಡಾರನೆ ತೆರೆದ ಕೂಡಲೇ ಓಡಬೇಕು. ಓಡದಿದ್ದರೆ ಬೆನ್ನ ಮೇಲಿನವನ ಚಾಟಿ ಬೀಳುತ್ತಿತ್ತು. ಓಡಿದರೂ ಬೀಳುತ್ತಿತ್ತು. ಗೆದ್ದ ದಿನ ಮಾಲೀಕ ನನ್ನ ಮೂತಿಗೆ ಕೆನ್ನೆ ಒತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದ. ಫೋಟೋ ಮುಗಿಯಿತೋ, ಕರವಸ್ತ್ರ ತೆಗೆದು ಕೆನ್ನೆ ಒರೆಸಿಕೊಳ್ಳುತ್ತಿದ್ದ. ಅಲ್ಲಿ ನನಗೆ ಸಿಕ್ಕ ಸುಖ ಒಂದೇ. ಓಟ ಮುಗಿದ ಮೇಲೆ ಕಾಲಿಗೆ ಪೈಪಿನಿಂದ ತಣ್ಣೀರು ಬಿಡುತ್ತಿದ್ದರು. ಅಷ್ಟು ಹೊತ್ತು ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ.

ಎಡ ಮುಂಗಾಲಿನ ನರ ಹರಿಯಿತು. ಸೂಜಿ ಚುಚ್ಚಿ, ನೋವು ಗೊತ್ತಾಗದ ಹಾಗೆ ಮಾಡಿ, ಇನ್ನೆರಡು ರೇಸ್ ಓಡಿಸಿದರು. ಮೂರನೆಯದರಲ್ಲಿ ಮುಗ್ಗರಿಸಿದೆ. ವಾರದೊಳಗೆ ಲಾರಿ ಹತ್ತಿಸಿದರು. ಘಟ್ಟ ಇಳಿಯುವಾಗ ಒಂದೊಂದು ತಿರುವಿಗೂ ಮೈಭಾರವೆಲ್ಲ ಅದೇ ಕಾಲಿನ ಮೇಲೆ ಬಿತ್ತು. ಇಳಿಸಿದ್ದು ಕಾರವಾರದಲ್ಲಿ, ಹುಲಿಯಾನ ಕೈಗೆ.

ಹುಲಿಯಾ ಕಡಲತೀರದಲ್ಲಿ ಕುದುರೆ ಸವಾರಿ ಮಾಡಿಸುವವನು. ತಿರುಗಾಡಲು ಬಂದವರನ್ನು ಹೊತ್ತು ನಾನು ದಿನವಿಡೀ ಒಣ ಮರಳಿನಲ್ಲಿ ನಡೆಯಬೇಕು. ಒಣ ಮರಳಿನಲ್ಲಿ ಗೊರಸು ಹೂಳುತ್ತದೆ, ಕಾಲು ಕೀಳುವಾಗಲೆಲ್ಲ ಹರಿದ ನರ ಎಳೆಯುತ್ತದೆ. ಅಲೆ ಬಡಿದು ಗಟ್ಟಿಯಾದ ಹಸಿ ಮರಳು ಹತ್ತು ಹೆಜ್ಜೆ ಆಚೆಗಿತ್ತು. ಅದರಾಚೆ ನೀರು. ಆ ಕಡೆ ಕತ್ತು ಹೊರಳಿಸಿದರೆ ಸಾಕು, ಹುಲಿಯಾ ಲಗಾಮು ಜಗ್ಗಿ ಮೂತಿಗೆ ಗುದ್ದುತ್ತಿದ್ದ.

"ಉಪ್ನೀರು ತಾಗಿದ್ರೆ ಜೀನು ಹಾಳಾಗ್ತದೆ, ಮೂಳಿ! ಜೀನು ನಿನ್ನ ಅಪ್ಪ ತಂದ್ಕೊಡ್ತಾನಾ?"

ಅಷ್ಟು ದೊಡ್ಡ ಕಡಲನ್ನು ಒಂದು ವರ್ಷ ಕಣ್ಣೆದುರಿಗೆ ಇಟ್ಟುಕೊಂಡಿದ್ದೆ. ನನ್ನ ಒಂದು ಗೊರಸೂ ಅದರಲ್ಲಿ ನೆನೆಯಲಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ, ಆ ನೀರಿನಲ್ಲಿ ನಿಲ್ಲುವುದು.

ಒಂದು ಸಂಜೆ ಅಂಕೋಲೆಯಿಂದ ತುಳಸಿದಾಸ ಬಂದ. ಅವನ ಅಕ್ಕನ ಮಗ ಸಂದೇಶನಿಗೆ ಮದುವೆ ಗೊತ್ತಾಗಿತ್ತು.

"ಕುದ್ರೆ ಮೇಲೇ ಹೋಗ್ತೆ ಹೇಳಿ ಹಟ ಹಿಡ್ದಾನೆ ಮಾರಾಯಾ. ಗೋವೆಲಿ ಅವ್ನ ದೋಸ್ತನ ಮದ್ವೆ ಹಂಗೇ ಆಯ್ತಂತೆ," ಎಂದ. ನನ್ನ ಸುತ್ತ ಒಂದು ಸುತ್ತು ಬಂದು ಮೂಗು ಮುರಿದ. "ಇದು ಕಂದು ಅದೆಯಲ್ಲಾ! ಬಿಳಿ ಕುದ್ರೆಯೇ ಬೇಕು. ಕಂದು ಕುದ್ರೆ ವಿಡಿಯೋದಲ್ಲಿ ಕತ್ತೆ ಹಂಗೆ ಕಾಣ್ತದೆ."

"ಬಿಳಿದೂ ಅದೆ ತುಳಸಿದಾಸ್ರೆ. ಮನೆಲಿ ಕಟ್ಟಾಕಿದ್ದೆ," ಎಂದ ಹುಲಿಯಾ. ಅವನ ಬಳಿ ಇದ್ದದ್ದು ನಾನೊಬ್ಬಳೇ.

ತುಳಸಿದಾಸ ಹೋದ ಮೇಲೆ ಹುಲಿಯಾ ತಲೆ ಕೆರೆದುಕೊಂಡು ಕೂತ. ಅವನ ಹೆಂಡತಿ ವಿನುತಾಳ ತಮ್ಮ ಜಟ್ಟಿ ಪಕ್ಕದಲ್ಲೇ ಇದ್ದ. ಮನೆಗಳಿಗೆ ಸುಣ್ಣ ಬಣ್ಣ ಬಳಿಯುವವನು. ಕಿಸಕ್ಕನೆ ನಕ್ಕ.

"ಎಂತಕೆ ತಲೆಬಿಸಿ ಭಾವಾ? ಹಣಕೋಣದಲ್ಲಿ ಒಂದು ಮನೆಗೆ ಬಳಿಯೂಕೆ ತಂದ ಚಿಪ್ಪಿಸುಣ್ಣ ಉಳ್ದದೆ. ಇವ್ಳೇನು ಗೋಡೆಗಿಂತ ದೊಡ್ಡದಾ?"

"ಗೊತ್ತಾಗೂದಿಲ್ವಾ?"

"ನಾ ಬಳ್ದ ಗೋಡೆ ಯಾರಿಗಾದ್ರೂ ಹಳೇದು ಹೇಳಿ ಗೊತ್ತಾಗಿದ್ದದ್ಯಾ?"

ಮದುವೆಯ ದಿನ ಬೆಳಿಗ್ಗೆ ಸುಟ್ಟ ಚಿಪ್ಪಿಗೆ ನೀರು ಹೊಯ್ದರು. ಬಕೆಟ್ಟಿನಲ್ಲಿ ಅದು ಕೊತಕೊತ ಕುದಿಯಿತು. ವಿನುತಾ ಬಾಗಿಲಲ್ಲಿ ನಿಂತು ನೋಡಿದಳು. ನನಗೆ ಗಂಜಿ ತಿಳಿ ತಂದಿಡುತ್ತಿದ್ದವಳು ಅವಳೇ. ಅವಳು ಬೇಡವೆನ್ನುತ್ತಾಳೆ ಎಂದುಕೊಂಡೆ.

"ಮದಿಮಗ್ನ ಬಟ್ಟೆಗೆ ಅಂಟ್ತದಲ್ಲಾ ತಮ್ಮಾ," ಎಂದಳು. "ಗೋಡೆಗಾದ್ರೆ ಸುಣ್ಣ ಬಿಡದಂಗೆ ಉಪ್ಪು ಹಾಕ್ತ್ಯಲ್ಲಾ ನೀನು?"

"ಹೌದೇ ಅಕ್ಕಾ! ಮರ್ತೇ ಹೋಗಿತ್ತು."

ಅವಳು ಒಳಗೆ ಹೋಗಿ ಎರಡು ಬೊಗಸೆ ಕಲ್ಲುಪ್ಪು ತಂದು ತನ್ನ ಕೈಯಾರೆ ಬಕೆಟ್ಟಿಗೆ ಹಾಕಿದಳು.

ಸುಣ್ಣ ಇನ್ನೂ ಬಿಸಿಯಿತ್ತು. ಜಟ್ಟಿ ಕುತ್ತಿಗೆಯಿಂದ ಶುರು ಮಾಡಿದ. ಮೇಲಿನಿಂದ ಕೆಳಗೆ, ಆಮೇಲೆ ಅಡ್ಡಡ್ಡ, ಗೋಡೆಗೆ ಬಳಿಯುವ ಹಾಗೆಯೇ. ಜೀನು ಉಜ್ಜಿ ಹುಣ್ಣಾದ ಜಾಗಕ್ಕೆ ಕುಂಚ ತಾಗಿದಾಗ ನಾನು ಒದ್ದೆ. ಹುಲಿಯಾ ಹಿಂಗಾಲು ಎರಡನ್ನೂ ಕಂಬಕ್ಕೆ ಕಟ್ಟಿದ. ಕೊನೆಗೆ ಮುಖ ಉಳಿಯಿತು.

"ಕಣ್ಣಿನ ಸುತ್ತ ಬಿಟ್ರೆ ಕನ್ನಡಕ ಹಾಕಿದ ಹಂಗೆ ಕಾಣ್ತದೆ," ಎಂದ ಜಟ್ಟಿ. ರೆಪ್ಪೆಯ ಮೇಲೂ ಎಳೆದ.

ನನ್ನನ್ನು ಹತ್ತಿಸಿಕೊಂಡ ಟೆಂಪೋ ಅಂಕೋಲೆಯ ದಾರಿಯಲ್ಲಿ ಚೆಂಡಿಯಾ ದಾಟುವ ಹೊತ್ತಿಗೆ ಗಾಳಿಗೆ ಸುಣ್ಣ ಒಣಗಿ ಚರ್ಮ ಬಿಗಿಯಿತು. ಅಷ್ಟರವರೆಗೆ ತಡೆಯಬಹುದಿತ್ತು. ಅಂಕೋಲೆಯ ಬಿಸಿಲಿನಲ್ಲಿ ಬೆವರತೊಡಗಿದೆ ನೋಡಿ, ಆಗ ಶುರುವಾಯಿತು. ಬೆವರು ತಾಗಿದಲ್ಲೆಲ್ಲ ಉರಿ. ಹಣೆಯಿಂದ ಇಳಿದದ್ದು ನೇರ ಕಣ್ಣಿಗೆ. ನನಗೆ ಒರೆಸಿಕೊಳ್ಳಲು ಕೈಯಿಲ್ಲ. ತಲೆ ಕೊಡವಿದರೆ ಜನ ಚಪ್ಪಾಳೆ ತಟ್ಟಿದರು, ಕುದುರೆ ಕುಣಿಯುತ್ತಿದೆ ಎಂದು.

"ಎಂಥಾ ಬಿಳಿ ಅಲ್ವೇನಾ! ಹಾಲು!" ಎಂದ ತುಳಸಿದಾಸ.

ಸಂದೇಶ ಹತ್ತಿದ. ವಿಡಿಯೋದವನು ಮುಂಗಾಲು ಎತ್ತಿಸಿ ಎಂದಾಗಲೆಲ್ಲ ಹಿಮ್ಮಡಿಯಿಂದ ನನ್ನ ಪಕ್ಕೆಗೆ ಒದ್ದ. ಮುಂದೆ ಬ್ಯಾಂಡು, ಕಾಲಡಿಯಲ್ಲಿ ಪಟಾಕಿ ಸರ. ಮದುವೆಯ ಹಾಲ್ ಕೇಣಿ ತೀರದ ಕಡೆ ಹೋಗುವ ರಸ್ತೆಯಲ್ಲಿತ್ತು. ಕಡಲಿನ ವಾಸನೆ ಬರುತ್ತಿತ್ತು. ಆಗ ರಸ್ತೆ ಬದಿಯ ಯಾವನೋ ಮೆರವಣಿಗೆ ನೋಡಲು ತನ್ನ ಅಂಗಡಿಯ ಶಟರನ್ನು ಧಡಾರನೆ ಎತ್ತಿದ.

ಅದು ಗೇಟಿನ ಸದ್ದು. ಚಾಟಿಯಿಂದ ಹೊಡೆದು ಹೊಡೆದು ನನ್ನೊಳಗೆ ತುಂಬಿಸಿದ ಸದ್ದು. ಕಾಲು ನನ್ನನ್ನು ಕೇಳಲಿಲ್ಲ.

ಬ್ಯಾಂಡಿನವರು ಚೆದುರಿದರು. ಸಂದೇಶ ನನ್ನ ಕುತ್ತಿಗೆಯ ಕೂದಲು ಹಿಡಿದು "ಮಾಮಾ, ಮಾಮಾ" ಎಂದು ಕಿರುಚುತ್ತಿದ್ದ. ಕಣ್ಣಿಗೆ ಮಸುಕು ಮಸುಕು. ವಾಸನೆ ಹಿಡಿದೇ ಓಡಿದೆ. ರಸ್ತೆ ಮುಗಿದು ಮರಳು ಬಂತು, ಒಣ ಮರಳು ಮುಗಿದು ಗಟ್ಟಿ ಮರಳು ಬಂತು. ಅಲ್ಲಿ ಅವನು ಉರುಳಿಬಿದ್ದ. ನಾನು ನೀರಿಗಿಳಿದೆ.

ಮೊದಲು ಗೊರಸು. ಆಮೇಲೆ ಮೊಣಕಾಲು. ಹರಿದ ನರದ ಸುತ್ತ ತಂಪು ಏರಿತು. ಮುಖವನ್ನು ಅಲೆಗೆ ಅದ್ದಿದೆ, ಎತ್ತಿದೆ, ಮತ್ತೆ ಅದ್ದಿದೆ. ಎದೆಯ ಸುಣ್ಣ ಕರಗಿ ಕಂದು ಕಾಣಿಸಿಕೊಂಡಿತು. ಕಣ್ಣೂ ಸ್ವಲ್ಪ ತೆರೆದುಕೊಂಡಿತು. ನೀಲಿ ಕಂಡೆ. ಇನ್ನೊಂದೈದು ನಿಮಿಷ ಬಿಟ್ಟಿದ್ದರೆ ತೊಳೆದುಹೋಗುತ್ತಿತ್ತು.

ಬಿಡಲಿಲ್ಲ. ಹುಲಿಯಾ ಬೆನ್ನಟ್ಟಿ ಬಂದು, ದಡದಲ್ಲಿದ್ದ ದೋಣಿಯ ಹುಟ್ಟು ಹಿಡಿದು ನೀರಿಗಿಳಿದ. ಮೊದಲ ಏಟು ಎಡ ಮುಂಗಾಲಿಗೇ. ಯಾವ ಕಾಲು ನೋಯುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ದಡದಲ್ಲಿ ಸಂದೇಶ ಅಳುತ್ತಿದ್ದ. "ಕಾರಲ್ಲಿ ಹೋಗ್ವಾ ಮಾಮಾ."

"ಸುಮ್ನಿರಾ! ಅರ್ಧ ದಾರಿಲಿ ಕುದ್ರೆ ಬಿಟ್ಟ ಮದಿಮಗ ಮಂಟಪ ಹತ್ಬಾರ್ದು, ಅಪಶಕುನ," ಎಂದ ತುಳಸಿದಾಸ. ಆಮೇಲೆ ನನ್ನನ್ನು ನೋಡಿ ಬಾಯಿಬಿಟ್ಟ. "ಏ ಹುಲಿಯಾ, ಎಂತದಾ ಇದು? ಬಣ್ಣ ಬಿಡ್ತದೆ ನಿನ್ನ ಕುದ್ರೆ!"

ಯಾರಾದರೂ ಛೀ ಎನ್ನಬಹುದೆಂದು ನಿಂತೆ. ತುಳಸಿದಾಸ ಗಡಿಯಾರ ನೋಡಿಕೊಂಡ.

"ಮುಹೂರ್ತಕ್ಕೆ ಹೊತ್ತಿಲ್ಲ. ಇನ್ನೂ ಅದೆಯಾ ಅದು?"

ಇತ್ತು. ಜಟ್ಟಿ ಟೆಂಪೋದಲ್ಲಿ ಬಕೆಟ್ಟು ತಂದಿದ್ದ, ಒಳ್ಳೆಯ ಕೆಲಸಗಾರ. ಮೊದಲ ಸಲ ಚರ್ಮದ ಮೇಲೆ ಕೂದಲಾದರೂ ಇತ್ತು. ಈಗ ಕೂದಲು ಉದುರಿ ಹಸಿ ಮಾಂಸ ಕಾಣುತ್ತಿದ್ದಲ್ಲಿಗೂ ಬಳಿದ. ನಾಲ್ಕು ಜನ ನನ್ನ ತಲೆ ಹಿಡಿದರು. ಹಿಡಿದವರಲ್ಲಿ ಮದುಮಗನೂ ಇದ್ದ. ಬಕೆಟ್ಟಿನ ತಳದಲ್ಲಿ ಉಳಿದದ್ದು ಗಟ್ಟಿ ಗಸಿ. ಅದು ಮುಖಕ್ಕೆ.

ಮದುಮಗನನ್ನು ಹೊತ್ತು ಹಾಲ್‌ವರೆಗೆ ಮೂರು ಕಾಲಿನಲ್ಲಿ ನಡೆದೆ. ಬ್ಯಾಂಡು ಮತ್ತೆ ಶುರುವಾಯಿತು. ಆರತಿ ಎತ್ತಿದರು, ಅದರ ಬಿಸಿ ಮೂತಿಗೆ ತಾಗಿತು. ದೀಪ ಕಾಣಲಿಲ್ಲ.

ಮೂರು ದಿನ ಕಣ್ಣಿನಿಂದ ಕೀವು ಸುರಿಯಿತು. ಡಾಕ್ಟರನ್ನು ಕರೆಸಿದರೆ ಯಾಕೆ ಹೀಗಾಯಿತೆಂದು ಕೇಳುತ್ತಾನೆ ಎಂದು ಹುಲಿಯಾ ಕರೆಸಲಿಲ್ಲ. ನಾಲ್ಕನೆಯ ದಿನ ನನ್ನ ಮುಖದ ಹತ್ತಿರ ಅವನ ಬೀಡಿ ವಾಸನೆ ಬಂತು, ಕೈ ಬೀಸಿದ ಗಾಳಿ ತಾಗಿತು. ನಾನು ರೆಪ್ಪೆ ಬಡಿಯಲಿಲ್ಲ.

"ಎರಡೂ ಹೋಯ್ತೇ," ಎಂದ ವಿನುತಾಳಿಗೆ.

"ಅಯ್ಯೋ ದೇವ್ರೆ. ಇನ್ನು ಎಂತ ಮಾಡೂದು?"

ಹುಲಿಯಾ ಬೀಡಿ ಎಳೆದ ಸದ್ದಾಯಿತು. "ಒಳ್ಳೇದೇ ಆಯ್ತು ಅಂತೇನೆ ನಾನು. ಕುರುಡಿ ಅಲೆ ಕಂಡು ಬೆದರೂದಿಲ್ಲ. ನೀರೊಳಗೆ ನಿಲ್ಲಿಸಿ ಫೋಟೋ ಹೊಡ್ಸಬಹುದು."

ಈಗ ಜೀನು ಇಲ್ಲ, ಬೆನ್ನಿಗೊಂದು ಗೋಣಿ ಕಟ್ಟಿದ್ದಾನೆ, ನೆನೆದರೂ ಹಾಳಾಗದಂಥದ್ದು. ಬೆಳಿಗ್ಗೆಯಿಂದ ಕತ್ತಲೆಯವರೆಗೆ ಕಾರವಾರದ ಕಡಲಲ್ಲಿ ಹೊಟ್ಟೆ ಮುಳುಗುವಷ್ಟು ನೀರಿನಲ್ಲಿ ನಿಂತಿರುತ್ತೇನೆ. ಹುಣ್ಣು ಒಣಗುವುದೇ ಇಲ್ಲ. ದಡದಲ್ಲಿ ಎಲ್ಲಾದರೂ ಶಟರ್ ಸದ್ದಾದರೆ ಮೈಯೆಲ್ಲ ನಡುಗುತ್ತದೆ. ಓಡುವ ದಿಕ್ಕು ಗೊತ್ತಾಗುವುದಿಲ್ಲ.

ನಿನ್ನೆ ಹುಲಿಯಾನ ಹೆಗಲೇರಿ ಒಂದು ಹೆಣ್ಣುಮಗು ಬಂತು. ಸಣ್ಣ ಕೈ, ನನ್ನ ಕೆನ್ನೆ ಮುಟ್ಟಿತು.

"ಅಂಕಲ್, ಇದರ ಕಣ್ಣು ಯಾಕೆ ಇಷ್ಟು ಬೆಳ್ಳಗೆ?"

"ಬಿಳಿ ಆದ್ರೆ ಚೆಂದ ಅಲ್ವಾ ಪುಟ್ಟೀ? ಹತ್ತು, ಹತ್ತು, ಅಲೆ ಬರ್ತದೆ," ಎಂದ ಹುಲಿಯಾ.

ಮಗು ಹತ್ತಿತು. ಹಿಮ್ಮಡಿಯಿಂದ ಹೇಗೆ ಒದೆಯಬೇಕೆಂದು ಅದರ ಅಪ್ಪ ದಡದಿಂದ ಕೂಗಿ ಹೇಳಿಕೊಟ್ಟ.